ಅಪಾಕುಕಿಯ ಅರ್ಜಿ

ಶವಪೆಟ್ಟಿಗೆ ಚರ್ಚಿನ ಬಾಗಿಲಲ್ಲಿ ಸಿಕ್ಕಿಕೊಂಡಿತು. ಹೊತ್ತಿದ್ದ ಆರೂ ಜನ ಫಿಜಿಯವರು, ಒಳಗೆ ಮಲಗಿದ್ದ ಅಪಾಕುಕಿಯ ಹಾಗೆಯೇ ಬ್ರಿಟಿಷ್ ಸೇನೆಯಲ್ಲಿ ದುಡಿದವರು. ಅವರ ಭುಜಗಳೇ ಆ ಬಾಗಿಲಿಗೆ ಹೆಚ್ಚಾಗಿದ್ದವು.

"ಒಂಚೂರು ಓರೆ ಮಾಡ್ರೋ," ಎಂದ ಪೆನಾಯಾ. "ನಮ್ಮ ಭಾವ ಬದುಕಿದ್ದಾಗ್ಲೂ ಯಾವ ಬಾಗ್ಲಲ್ಲೂ ಸಲೀಸಾಗಿ ಹೋದೋನಲ್ಲ."

ಹಿಂದೆ ನಿಂತವರು ನಗು ತಡೆದುಕೊಂಡರು. ಉನೈಸಿಗೂ ನಗು ಬಂತು, ಬಂದದ್ದಕ್ಕೆ ಅಳುವೂ ಬಂತು. ಸತ್ತವನು ಅವಳ ಗಂಡ, ಮಾತಾಡಿದವನು ಅವಳ ತಮ್ಮ. ಎಂಟು ವರ್ಷದ ಮಗಳು ಮಕೆರೆತಾ ಶಾಲೆಯ ಕಪ್ಪು ಬೂಟು ಹಾಕಿಕೊಂಡು ಅವಳ ಉದ್ದ ಅಂಗಿಯ ಚುಂಗು ಹಿಡಿದಿದ್ದಳು.

ಒಳಗೆ ಫಿಜಿ ಭಾಷೆಯ ಕೀರ್ತನೆ ಮುಗಿದ ಮೇಲೆ ಅಪಾಕುಕಿಯ ದಳದ ಮೇಜರ್ ಎದ್ದು ನಿಂತ. ಇರಾಕಿನ ಬಸ್ರಾದಲ್ಲಿ ಉರಿಯುತ್ತಿದ್ದ ಗಾಡಿಯಿಂದ ಅಪಾಕುಕಿ ಇಬ್ಬರನ್ನು ಹೊರಗೆಳೆದದ್ದನ್ನು ಹೇಳಿದ. ರಗ್ಬಿ ಆಟವನ್ನು ನೆನೆಸಿಕೊಂಡ. ಕೊನೆಗೆ ಪೆಟ್ಟಿಗೆಯ ಮೇಲೆ ಹೊದಿಸಿದ್ದ ಬ್ರಿಟನ್ನಿನ ಬಾವುಟದ ಮೇಲೆ ಕೈಯಿಟ್ಟು, "ಇವನು ನಮ್ಮವನು" ಎಂದ. ಅವನ ಕಣ್ಣು ನಿಜವಾಗಿಯೂ ತುಂಬಿತ್ತು. ಉನೈಸಿ ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡುತ್ತ ಕೂತಳು.

*

ಹದಿಮೂರು ವರ್ಷ ದುಡಿದು ಸೇನೆ ಬಿಟ್ಟ ದಿನ ಗುಮಾಸ್ತ ಅಪಾಕುಕಿಯ ಪಾಸ್‌ಪೋರ್ಟಿಗೆ ಮುದ್ರೆಯೊತ್ತಿ ಕೈಕುಲುಕಿದ್ದ. ಇನ್ನು ಬ್ರಿಟನ್ನಿನಲ್ಲೇ ಇರಬಹುದೆಂಬುದಕ್ಕೆ ಆ ಮುದ್ರೆ ಎಂದುಕೊಂಡು ಅವನು ಮನೆಗೆ ಬಂದ. ಅದು ಕೆಲವೇ ದಿನಗಳ ಗಡುವು, ಅಷ್ಟರೊಳಗೆ ಅರ್ಜಿ ಹಾಕಬೇಕು ಎಂಬುದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಎರಡು ವರ್ಷ ಕಳೆದು ಲಾರಿ ಓಡಿಸುವ ಕೆಲಸಕ್ಕೆ ಹೋದಾಗ ಕಾಗದ ಕೇಳಿದರು. ಆಗ ಗೊತ್ತಾಯಿತು.

ಮೊದಲ ಅರ್ಜಿ ತಡವಾಯಿತೆಂದು ತಿರುಗಿ ಬಂತು. ಎರಡನೆಯದಕ್ಕೆ ಬೇರೆ ಕಾರಣ. ಸೇನೆಯಲ್ಲಿದ್ದಾಗ, ಸತ್ತ ಗೆಳೆಯನನ್ನು ಆಡಿಕೊಂಡವನೊಬ್ಬನಿಗೆ ಅಪಾಕುಕಿ ಕೈಮಾಡಿ ಹತ್ತು ದಿನ ಸೇನೆಯ ಸೆರೆಕೋಣೆಯಲ್ಲಿದ್ದ. ಸೇನೆ ಅದನ್ನು ಅಲ್ಲಿಗೇ ಮರೆತಿತ್ತು, ಸರ್ಕಾರ ಅಪರಾಧವೆಂದು ಬರೆದುಕೊಂಡಿತ್ತು. ಮೂರನೆಯದಕ್ಕೆ ನಾಲ್ಕು ವರ್ಷ ಉತ್ತರವೇ ಇಲ್ಲ.

ಕೆಲಸ ಮಾಡುವಂತಿಲ್ಲ, ಊರಿಗೆ ಹೋದರೆ ಮರಳುವಂತಿಲ್ಲ. ಅವನ ತಾಯಿ ಅಲ್ಲಿ ತೀರಿಕೊಂಡಾಗ ಮಣ್ಣು ಮಾಡುವುದನ್ನು ಫೋನಿನಲ್ಲೇ ನೋಡಿದ. ಪೌರತ್ವದ ಪರೀಕ್ಷೆಯ ಪುಸ್ತಕವನ್ನು ಮಾತ್ರ ಬಿಡಲಿಲ್ಲ. ಉನೈಸಿ ಮರಗೆಣಸು ಸುಲಿಯುತ್ತಿದ್ದರೆ ಎದುರಿಗೆ ಕೂತು ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಆರು ಹೆಂಡತಿಯರನ್ನು ಸಾಲಾಗಿ ಒಪ್ಪಿಸುತ್ತಿದ್ದ.

"ಒಬ್ಬಳನ್ನ ಸಾಕೋಕೇ ಆಗ್ದೆ ಕೂತಿದ್ದೀರಿ, ಆರು ಜನರ ಉಸಾಬರಿ ಯಾಕೆ?" ಎನ್ನುವಳು ಅವಳು.

ಹೋದ ತಿಂಗಳು ಅವನ ಎದೆ ಹಿಂಡತೊಡಗಿತು. ಆಸ್ಪತ್ರೆಗೆ ಹೋಗೋಣವೆಂದು ಅವಳು ಗೋಗರೆದಳು.

"ಅಲ್ಲಿ ಮೊದ್ಲು ಕಾಗ್ದ ಕೇಳ್ತಾರೆ ಕಣೆ. ಅರ್ಜಿಗೆ ಉತ್ತರ ಬರೋ ಹೊತ್ತಲ್ಲಿ ಯಾಕೆ ರಗಳೆ? ಈ ವಾರ ಬಂದ್ಬಿಡುತ್ತೆ, ನೋಡ್ತಿರು."

ಶುಕ್ರವಾರ ಬೆಳಿಗ್ಗೆ ಅವನು ಏಳಲೇ ಇಲ್ಲ.

*

ಸ್ಮಶಾನದ ಕೆಲಸಗಾರರನ್ನು ಪಕ್ಕಕ್ಕೆ ಕಳಿಸಿ ಫಿಜಿಯ ಗಂಡಸರೇ ಗುಂಡಿ ಮುಚ್ಚಿದರು. ಹೊರಡುವ ಮುನ್ನ ಮೇಜರ್ ಉನೈಸಿಯ ಹತ್ತಿರ ಬಂದು, ಏನು ಬೇಕಿದ್ದರೂ ಸಂಕೋಚವಿಲ್ಲದೆ ತಿಳಿಸಬೇಕು ಎಂದ.

"ಅವರು ನಿಮ್ಮವರು ಅಂದ್ರಲ್ಲ," ಎಂದಳು ಅವಳು. "ಅದನ್ನೇ ಬರೆದು ಸಹಿ ಹಾಕಿ ಕೊಡ್ತೀರಾ?"

ಮೇಜರ್ ಟೋಪಿಯನ್ನು ಕೈಯಲ್ಲೇ ತಿರುಗಿಸಿದ. ಅದಕ್ಕೆಲ್ಲ ಒಂದು ಕ್ರಮವಿದೆ, ವಿಚಾರಿಸುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿ ಕಾರಿನ ಕಡೆ ನಡೆದ.

ಪೆನಾಯಾ ಕೋಟಿನ ಒಳಜೇಬಿನಿಂದ ಲಕೋಟೆ ತೆಗೆದ. ಸಾವಿನ ಸುದ್ದಿಯನ್ನು ವಲಸೆ ಇಲಾಖೆಗೆ ಬರೆದು ತಿಳಿಸಿದ್ದವನು ಅವನೇ.

"ನಿನ್ನೆ ಬಂತಕ್ಕ. ಮಣ್ಣಾಗ್ಲಿ ಅಂತ ಇಟ್ಕೊಂಡಿದ್ದೆ."

"ಓದು."

"ಅರ್ಜಿದಾರ ತೀರಿಕೊಂಡಿರೋದ್ರಿಂದ ಅರ್ಜಿ ಮುಕ್ತಾಯ ಆಗಿದೆ ಅಂತೆ. ಹೆಂಡ್ತಿ, ಮಗಳು ಹದಿನಾಲ್ಕು ದಿನದೊಳಗೆ ದೇಶ ಬಿಡೋಕೆ..."

"ಸಾಕು ಬಿಡು."

ನಾಲ್ಕು ವರ್ಷ ಬಾಯಿ ಬಿಡದಿದ್ದವರು ಆರೇ ದಿನಕ್ಕೆ ಉತ್ತರ ಕೊಟ್ಟಿದ್ದರು. ಮಕೆರೆತಾ ಮಾಮನ ಮುಖವನ್ನೂ ತಾಯಿಯ ಮುಖವನ್ನೂ ನೋಡಿದಳು.

"ಅಮ್ಮಾ, ಅಪ್ಪನ್ನೂ ಕಳಿಸ್ತಾರಾ?"

"ಇಲ್ಲ ಮಗಾ. ಅಪ್ಪನ್ನ ಕಳ್ಸಲ್ಲ."

ಉಳಿದವರು ಚಹಾಕ್ಕೆಂದು ಚರ್ಚಿನ ಸಭಾಂಗಣಕ್ಕೆ ಹೋದರು. ಉನೈಸಿ ಹೋಗಲಿಲ್ಲ. ತಮ್ಮನನ್ನೂ ಕಳಿಸಿದಳು. ಫಿಜಿಯ ವಾಡಿಕೆಯಂತೆ ಗೋರಿಯ ಮೇಲೆ ಹಾಸಲು ತಂದಿದ್ದ ಚಾಪೆಯನ್ನು ಪಕ್ಕದ ಒದ್ದೆ ಹುಲ್ಲಿನ ಮೇಲೆ ಬಿಡಿಸಿ, ಬೂಟು ಕಳಚಿಟ್ಟು, ಮಗಳನ್ನು ಮಡಿಲಿಗೆ ಎಳೆದುಕೊಂಡು ಕೂತಳು. ನವೆಂಬರಿನ ಬೆಳಕು ನಾಲ್ಕು ಗಂಟೆಗೇ ಮಾಸಿತು.

ಕಾವಲುಗಾರ ಬೀಗದ ಕೈ ಹಿಡಿದು ಬಂದ. ವಯಸ್ಸಾದವನು. ಗೇಟು ಹಾಕುವ ಹೊತ್ತಾಯಿತು, ಇನ್ನು ಹೊರಡಬೇಕಮ್ಮ ಎಂದು ಮೆಲ್ಲಗೆ ಹೇಳಿದ.

ಉನೈಸಿ ತಲೆಯೆತ್ತಿ ನೋಡಿದಳು. ಆಮೇಲೆ, ಮನೆಗೆ ಬಂದವರಿಗೆ ಮಾಡುವ ಹಾಗೆ, ಮಗಳನ್ನೂ ಎಳೆದುಕೊಂಡು ಒಂದು ಬದಿಗೆ ಸರಿದು, ಚಾಪೆಯ ಮೇಲೆ ಅವನಿಗೂ ಜಾಗ ಮಾಡಿದಳು.

ಅವನು ಬೂಟುಗಾಲಲ್ಲಿ ಚಾಪೆಯ ಅಂಚಿಗೆ ನಿಂತೇ ಇದ್ದ.