ಪಾಷಾ ಸಾಹೇಬರ ತಲೆಯಿಲ್ಲದ ಕೋಟುಗಳು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಈ ಮೂರು ಊರಿನ ಯಾವುದಾದರೂ ಹಳೇ ಟೈಲರ್ ಅಂಗಡಿಯ ಮುಂದೆ ನಿಂತು ಬೋರ್ಡು ನೋಡಿ. ನೀಲಿ ಕೋಟಿದೆ, ಕೆಂಪು ಟೈ ಇದೆ, ಇಸ್ತ್ರಿಯ ಗೆರೆ ಕೂಡ ಕಾಣುವ ಪ್ಯಾಂಟಿದೆ. ತಲೆ ಮಾತ್ರ ಇಲ್ಲ. ಬ್ಯೂಟಿ ಪಾರ್ಲರಿನ ಬೋರ್ಡಾದರೆ ಹೆಂಗಸು ನಮಗೆ ಬೆನ್ನು ತೋರಿಸಿ ಕೂತಿರುತ್ತಾಳೆ, ಜಡೆಯೊಂದು ನೆಲದವರೆಗೂ ಇಳಿದಿರುತ್ತದೆ. ಇದೆಲ್ಲ ಹುಣಸೂರಿನ ಪೇಂಟರ್ ಸರ್ದಾರ್ ಪಾಷಾ ಸಾಹೇಬರ ಕೈಕೆಲಸ.

ಯಾಕೆ ಹೀಗೆ ಎಂದು ಕೇಳಿದವರಿಗೆಲ್ಲ ಸಾಹೇಬರು ನಲವತ್ತು ವರ್ಷದಿಂದ ಒಂದೇ ಉತ್ತರ ಕೊಟ್ಟಿದ್ದಾರೆ: ಮುಖ ಕೊಡುವುದು ಮೇಲಿನವನ ಕೆಲಸ, ಪೇಂಟರಿನದಲ್ಲ. ಈ ಮಾತಿನಿಂದ ಅವರಿಗೆ ಸಿಕ್ಕ ಮರ್ಯಾದೆ ಬೋರ್ಡು ಬರೆದು ಸಿಕ್ಕಿದ್ದಕ್ಕಿಂತ ಹೆಚ್ಚು. ಮಸೀದಿಯ ಹಿರಿಯರು ತಾವೇ ಮುಂದಾಗಿ ಸಲಾಂ ಹೇಳುತ್ತಿದ್ದರು. ಫ್ಲೆಕ್ಸ್ ಬಂದು ಕೋಟುಗಳಿಗೆಲ್ಲ ಯಾರೋ ವಿದೇಶಿಯರ ನಗುಮುಖ ಬಂದ ಮೇಲೂ, ಕೆಲಸ ಹೋಯಿತೇ ಹೊರತು ಮರ್ಯಾದೆ ಹೋಗಲಿಲ್ಲ. ನಿಜ ಗೊತ್ತಿದ್ದವರು ಊರಿನಲ್ಲಿ ಒಬ್ಬರೇ, ಹೆಂಡತಿ ಗುಲ್ಜಾರ್ ಬೀ. ನಿಜ ಏನೆಂದರೆ ಸಾಹೇಬರಿಗೆ ಮುಖ ಬರೆಯಲು ಬರುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ನೆಲದ ತಂಟೆಗೆ ಹೋಗದೆ ನೇರವಾಗಿ ದೇವರ ಹೆಸರನ್ನೇ ಹೇಳಿಬಿಟ್ಟರು.

ಈಗ ನೋಡಿ, ಮಗಳು ನಿಶತ್ ಹೆಸರು ಮಾಡಿದ್ದೇ ಮುಖಗಳನ್ನು ಬರೆದು. ಮೈಸೂರಿನಲ್ಲಿ ಕಲಿತು, ದೊಡ್ಡ ಊರುಗಳಲ್ಲಿ ಪ್ರದರ್ಶನ ಮಾಡಿ, ಈ ಭಾನುವಾರ ಹುಟ್ಟೂರಿನ ಕಲ್ಯಾಣ ಮಂಟಪಕ್ಕೆ ಮೂವತ್ತು ಚಿತ್ರ ತಂದಿದ್ದಳು. ‘ಮುಖ ಬರೆಯುವುದೇ ಪಾಪವೆಂದ ಮನೆಯಲ್ಲಿ ಬೆಳೆದ ಹುಡುಗಿಯ ಕಥೆ’ ಎಂದು ಕರಪತ್ರ ಅಚ್ಚಾಗಿತ್ತು, ಪೇಪರಿನಲ್ಲೂ ಬಂದಿತ್ತು. ಬಾಗಿಲಲ್ಲೇ ದೊಡ್ಡ ಚಿತ್ರ: ಹತ್ತು ವರ್ಷದ ಹುಡುಗಿ, ಅವಳ ಕಾಲಡಿ ಹರಿದು ಬಿಸಾಕಿದ ಕ್ಯಾಲೆಂಡರ್ ಹಾಳೆ, ಹಿಂದೆ ಬಣ್ಣ ಮೆತ್ತಿದ ಲುಂಗಿಯ ಗಂಡಸು, ಕುತ್ತಿಗೆಯಿಂದ ಮೇಲಕ್ಕೆ ಖಾಲಿ. ನಡೆದದ್ದೇ ಅದು. ಕ್ಯಾಲೆಂಡರಿನ ಹಿಂದೆ ನಿಶತ್ ಬರೆದಿದ್ದ ಅಮ್ಮನ ಮುಖವನ್ನು ಸಾಹೇಬರು ಯಾಕೆಂದು ಹೇಳದೆ ಹರಿದಿದ್ದರು.

ಬೇರೆ ಅಪ್ಪನಾಗಿದ್ದರೆ ಊರ ಮುಂದೆ ಮಾನ ಹೋಯಿತೆಂದು ಮನೆಯಲ್ಲೇ ಕೂರುತ್ತಿದ್ದ. ಸಾಹೇಬರು ಹೊಸ ಜುಬ್ಬಾ ತೊಟ್ಟು ಮೊದಲ ಸಾಲಿನಲ್ಲಿ ಕೂತರು. ಕಠೋರ ಅಪ್ಪ ಅನ್ನಿಸಿಕೊಳ್ಳಬಹುದು, ಕೈಲಾಗದ ಪೇಂಟರ್ ಅನ್ನಿಸಿಕೊಳ್ಳುವುದು ಹೇಗೆ? ವೇದಿಕೆಯ ಮೇಲೆ ಕಾಲೇಜಿನ ಮೇಷ್ಟ್ರು ನೀಲಕಂಠಸ್ವಾಮಿ ಮುಕ್ಕಾಲು ಗಂಟೆ ‘ಅಸ್ಮಿತೆ’ ಎಂದರು. ಅದು ಯಾವುದೋ ಕಾಯಿಲೆಯ ಹೆಸರಿರಬೇಕೆಂದು ಗುಲ್ಜಾರ್ ಬೀ ಮಗಳ ಬಗ್ಗೆ ಗಾಬರಿಯಾದರು. ಊರಿನವರು ಹರಿದ ಹಾಳೆಯ ಚಿತ್ರದ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು, ಉಳಿದ ಮುಖಗಳಿಗೆ ಬಣ್ಣ ಕೊಂಚ ಬೆಳ್ಳಗಿರಬೇಕಿತ್ತು ಎಂದು ತೀರ್ಪು ಕೊಟ್ಟರು.

ಆಗ ಬಾಗಿಲಲ್ಲಿ ಎಂಬತ್ತರ ಮುದುಕರೊಬ್ಬರು ಗೋಣಿಚೀಲ ಸುತ್ತಿದ ತಗಡೊಂದನ್ನು ಹಿಡಿದು ನಿಂತರು. ಸಾಹೇಬರು ಗುರುತು ಹಿಡಿದು ಕುರ್ಚಿಯಿಂದ ಅರ್ಧ ಎದ್ದರು. ಅವರು ಕೃಷ್ಣರಾಜನಗರದ ಸೈಕಲ್ ಷಾಪಿನ ಪುಟ್ಟಮಲ್ಲಪ್ಪ. ನಲವತ್ತು ವರ್ಷದ ಹಿಂದೆ ಅಂಗಡಿಯ ಬೋರ್ಡಿಗೆ ಸಾಹೇಬರಿಂದಲೇ ‘ತಾಯಿಯ ಆಶೀರ್ವಾದ’ ಎಂದು ಬರೆಸಿ, ಅದರ ಮೇಲೆ ತೀರಿಹೋದ ತಾಯಿಯ ಮುಖವನ್ನೂ ಬರೆಸಿದ್ದರು. ಅದನ್ನು ನೋಡಿದವರು ಇವರು ನಿಮ್ಮ ಸೋದರಮಾವನಾ ಎಂದು ಕೇಳಿದ್ದರು. ಅಂದಿನಿಂದಲೇ ಸಾಹೇಬರಿಗೆ ಭಕ್ತಿ ಹೆಚ್ಚಾದದ್ದು.

ಸಾಹೇಬರು ಓಡಿಹೋಗಿ ಮುದುಕರನ್ನು ಹಿಂದಿನ ಊಟದ ಹಾಲ್‌ಗೆ ಕರೆದೊಯ್ದರು. ಏನಾಯಿತೋ ಎಂದು ನಿಶತ್ ಹಿಂದೆಯೇ ಬಂದಳು.

“ನೀವು ಮುಕಾನೇ ಬರ್ದಿಲ್ಲ ಅಂತ ಪೇಪರ್‌ನೋರು ಸುಳ್ಳು ಆಕವ್ರೆ ಸಾಬ್ರೇ,” ಎಂದರು ಪುಟ್ಟಮಲ್ಲಪ್ಪ. “ನಮ್ಮವ್ವನ್ನ ಬರ್ದಿದ್ರಲ್ಲ. ನಿಮಗೆ ಅನ್ಯಾಯ ಆಗಬಾರ್ದು ಕಣ್ರೀ, ಅದ್ಕೇ ತಂದೆ.”

ತಾಯಿಯ ಹೆಸರಿದ್ದ ಬೋರ್ಡನ್ನು ಬಿಸಾಡಲಾಗದೆ ಅಟ್ಟದ ಮೇಲೆ ಇಟ್ಟಿದ್ದರಂತೆ. ಗೋಣಿ ಬಿಚ್ಚಿದರು. ತಾಯಿಯ ಒಂದು ಕಣ್ಣು ಪಿರಿಯಾಪಟ್ಟಣದ ಕಡೆಗಿತ್ತು, ಇನ್ನೊಂದು ಎಚ್.ಡಿ. ಕೋಟೆಯ ಕಡೆಗೆ. ಮೂಗಿನ ನೆರಳು ಮೀಸೆಯಾಗಿತ್ತು. ಮೂಲೆಯಲ್ಲಿ ಮುದ್ದಾದ ಅಕ್ಷರದಲ್ಲಿ ‘ಪಾಷಾ ಆರ್ಟ್ಸ್, ಹುಣಸೂರು’.

ನಿಶತ್ ಬೋರ್ಡು ನೋಡಿದಳು, ಅಪ್ಪನನ್ನು ನೋಡಿದಳು. ಮುಖ ಅರಿತವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. “ಹಾಗಾದ್ರೆ ಪಾಪ ಅಂತ ಅಲ್ವಾ ಅಬ್ಬಾ? ಮತ್ತೆ ನನ್ನ ಚಿತ್ರ ಯಾಕೆ ಹರಿದ್ರಿ?”

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು, ನಲವತ್ತು ವರ್ಷ ಪಳಗಿದ್ದು. ಸಾಹೇಬರಿಗೆ ಯಾಕೋ ಅದು ಸಾಕಾಯಿತು.

“ನನಗೆ ಬರ್ಲಿಲ್ಲ ಬೇಟಾ,” ಎಂದರು. “ನೀನು ಬರ್ದಿದ್ದು ನಿಮ್ಮಮ್ಮನ ಥರಾನೇ ಇತ್ತು. ತುಟಿ ಕೂಡ ಅವಳದೇ. ನೋಡ್ತಾ ನೋಡ್ತಾ ಹೊಟ್ಟೆ ಉರೀತು. ಅದಕ್ಕೇ ಹರಿದೆ.” ಈಗಲೇ ಹೋಗಿ ಮೈಕಿನಲ್ಲಿ ಇದನ್ನೇ ಹೇಳುತ್ತೇನೆ, ಎಲ್ಲರೂ ಕೇಳಲಿ ಎಂದು ಹೊರಟರು.

ಇಂಥ ಮೆಚ್ಚುಗೆ ನಿಶತ್‌ಗೆ ಯಾವ ವಿಮರ್ಶಕನಿಂದಲೂ ಸಿಕ್ಕಿರಲಿಲ್ಲ. ಅದನ್ನು ಇನ್ನೊಮ್ಮೆ ಹೇಳಿಸಿ ಕೇಳಬೇಕೆನ್ನಿಸಿತು, ನಿಜವಾಗಿಯೂ ಅನ್ನಿಸಿತು. ಆಮೇಲೆ ಹೊರಗಿದ್ದ ಮೂವತ್ತು ಚಿತ್ರ, ಕರಪತ್ರ, ಮುಂದಿನ ತಿಂಗಳ ದೆಹಲಿಯ ಪ್ರದರ್ಶನ, ಎಲ್ಲ ನೆನಪಾಯಿತು. ಗೋಣಿಚೀಲ ಎತ್ತಿ ಆ ತಾಯಿಯ ಮುಖದ ಮೇಲೆ ಹೊದಿಸಿದಳು.

“ಹೇಳ್ಬೇಡಿ ಅಬ್ಬಾ,” ಎಂದಳು. “ಯಾರಿಗೂ ಹೇಳ್ಬೇಡಿ.”

ಪುಟ್ಟಮಲ್ಲಪ್ಪ ತಾವು ಮಾಡಿದ್ದೇನು ತಪ್ಪೋ ತಿಳಿಯದೆ ಬೋರ್ಡನ್ನು ಕಂಕುಳಿಗೆ ಸೇರಿಸಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ಅಷ್ಟರಲ್ಲಿ ಪತ್ರಕರ್ತ ಯತೀಶ್ ಅಪ್ಪ ಮಗಳ ಫೋಟೋ ಬೇಕೆಂದು ಕೂಗಿದ. ನಿಶತ್ ಸಾಹೇಬರ ಕೈ ಹಿಡಿದು ಬಾಗಿಲ ಚಿತ್ರದ ಪಕ್ಕಕ್ಕೆ ಕರೆತಂದಳು, ಜುಬ್ಬಾದ ಕಾಲರು ಸರಿಮಾಡಿದಳು. “ಸ್ವಲ್ಪ ಸಿಟ್ಟಲ್ಲಿ ನಿಂತ್ಕೊಳ್ಳಿ ಅಬ್ಬಾ,” ಎಂದು ಕಿವಿಯಲ್ಲಿ ಹೇಳಿದಳು.

ಸಾಹೇಬರು ಹುಬ್ಬು ಗಂಟಿಕ್ಕಿದರು. ಯತೀಶ್ ಮೂರು ಸಲ ಕ್ಲಿಕ್ ಮಾಡಿ ಮೂರು ಸಲವೂ ಕಣ್ಣು ಒರೆಸಿಕೊಳ್ಳಿ ಎಂದ.