ನೆಲವೋ ಕಾಲೋ

ಸ್ಪಂದನಾ ಮೊದಲ ದಿನವೇ ಲಾವಣ್ಯಳನ್ನು ‘ಅಕ್ಕ’ ಎಂದಳು, ನನ್ನನ್ನು ‘ಆಂಟಿ’ ಎಂದಳು. ಲಾವಣ್ಯಾ ನನಗಿಂತ ಹನ್ನೊಂದು ತಿಂಗಳು ದೊಡ್ಡವಳು. ಇದನ್ನು ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ಸ್ವೀಡನ್ನಿನ ಉಪ್ಸಾಲಾದಲ್ಲಿ ನನಗೂ ಲಾವಣ್ಯಳಿಗೂ ಶನಿವಾರವೆಂದರೆ ಕತ್ತಿವರಸೆ. 2005ರ ಫೆಬ್ರವರಿಯಲ್ಲಿ ಒಂದು ದಿನ ಬಸ್ಸು ತಪ್ಪಿ, ಚಳಿ ತಡೆಯಲಾರದೆ ಪಕ್ಕದ ಒಳಾಂಗಣ ಕ್ರೀಡಾಂಗಣಕ್ಕೆ ನುಗ್ಗಿದ್ದೆವು. ಬಿಳಿ ಬಟ್ಟೆ ತೊಟ್ಟು, ಜಾಲರಿಯ ಮುಖವಾಡ ಹಾಕಿಕೊಂಡವರು ಜೋಡಿ ಜೋಡಿಯಾಗಿ ಕಾದಾಡುತ್ತಿದ್ದರು. ಮೂರು ಬಸ್ಸು ಹೋದರೂ ನಾವು ಏಳಲಿಲ್ಲ. ಆಮೇಲೆ ಅದೇ ವಾಡಿಕೆಯಾಯಿತು. ಮೂರನೆಯ ಮೆಟ್ಟಿಲಲ್ಲಿ ಗೋಡೆಯ ಪಕ್ಕ ನಾನು, ನನ್ನ ಬಲಕ್ಕೆ ಅವಳು, ನಡುವೆ ಅವಳ ಕಾಫಿಯ ಫ್ಲಾಸ್ಕು. ಶನಿವಾರ ನನಗೆ ಒಪ್ಪೊತ್ತು. ಸಂಜೆ ದೇವರ ಮುಂದೆ ದೀಪ ಹಚ್ಚುವವರೆಗೆ ಏನೂ ತಿನ್ನುವುದಿಲ್ಲ. ಕಾಫಿಗೆ ವೆಂಕಟರಮಣಸ್ವಾಮಿಯ ಅಭ್ಯಂತರವಿಲ್ಲ ಎಂದು ಲಾವಣ್ಯಳೇ ತೀರ್ಪು ಕೊಟ್ಟಿದ್ದಳು.

ಅವರು ಆಡುತ್ತಿದ್ದದ್ದು ಎಪೆ. ಕತ್ತಿವರಸೆಯ ಮೂರು ಬಗೆಗಳಲ್ಲಿ ನೋಡುವವರಿಗೆ ಬೇಗ ತಿಳಿಯುವುದು ಇದೇ. ತಲೆಯಿಂದ ಕಾಲ್ಬೆರಳವರೆಗೆ ಎಲ್ಲಿ ಮೊನೆ ತಾಗಿದರೂ ಅಂಕ. ತಾಗಿದ ಕೂಡಲೇ ದೀಪ ಹತ್ತುತ್ತದೆ. ಇಬ್ಬರೂ ಒಂದೇ ಗಳಿಗೆಯಲ್ಲಿ ತಾಗಿಸಿದರೆ ಎರಡೂ ದೀಪ. ಈ ಕತ್ತಿಗೆ ಸ್ವೀಡಿಷಿನಲ್ಲಿ ‘ವೆರ್ಯ’ ಎನ್ನುತ್ತಾರೆ. ನನ್ನ ಕಿವಿಗೆ ಅದು ಯಾವಾಗಲೂ ‘ವೈರ’ ಎಂದೇ ಬೀಳುತ್ತಿತ್ತು.

ಲಾವಣ್ಯಾ ಆಟ ಶುರುವಾದಾಗಿನಿಂದ ಮುಗಿಯುವವರೆಗೆ ಬಾಯಿ ಮುಚ್ಚುತ್ತಿರಲಿಲ್ಲ.

“ನೋಡೇ ಪದ್ದು, ಆ ಉದ್ದನೆಯೋನು ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತೋ ಥರ ನುಗ್ತಾನೆ. ಸೀಟ್ ಸಿಗಲ್ಲ, ಕಾಲು ತುಳಿಸ್ಕೋತಾನೆ. ಇವಳನ್ನ ನೋಡು, ಇವಳು ಜಾಣೆ. ಸೊಪ್ಪಿನವಳ ಹತ್ರ ಚೌಕಾಸಿ ಮಾಡೋ ಹಾಗೆ, ಹೊರಟೆ ಹೊರಟೆ ಅಂತಾಳೆ, ಹೋಗೋದೇ ಇಲ್ಲ. ಅವನು ‘ಬಾರಮ್ಮಾ’ ಅಂತ ಒಂದು ಹೆಜ್ಜೆ ಮುಂದಿಟ್ಟ ಅಂದ್ರೆ... ನೋಡ್ದಾ? ಮಣಿಕಟ್ಟಿಗೆ!”

“ಹೂಂ” ಎನ್ನುತ್ತಿದ್ದೆ ನಾನು.

ಹೂಂಗುಟ್ಟುವುದು ನಾನು ಕಲಿತ ಮೊದಲ ವಿದ್ಯೆ. ಮೈಸೂರಿನಲ್ಲಿ ನಮ್ಮ ಸೋದರತ್ತೆ ಕಮಲತ್ತೆ ಗಮಕ ವಾಚನ ಮಾಡುತ್ತಿದ್ದಳು. ರಾಮಮಂದಿರದಲ್ಲಿ ಓದುವ ಹಿಂದಿನ ದಿನ ನನ್ನನ್ನು ಎದುರಿಗೆ ಕೂರಿಸಿಕೊಂಡು ಷಟ್ಪದಿಗಳನ್ನು ಹಾಡಿ ನೋಡುತ್ತಿದ್ದಳು. ಒಂದೊಂದು ಪದ್ಯ ಮುಗಿದಾಗಲೂ ನಾನು ‘ಹೂಂ’ ಅನ್ನಬೇಕು. ಹೂಂ ತಡವಾದರೆ ಪುಸ್ತಕ ಮುಚ್ಚಿಬಿಡುತ್ತಿದ್ದಳು. “ಓದೋರು ಬೀದಿಗೆ ಹತ್ತು ಜನ ಸಿಗ್ತಾರೆ ಕಣೆ. ಕೇಳೋರು ಒಬ್ಬರು ಸಿಕ್ಕಿದ್ರೆ ಪುಣ್ಯ” ಅನ್ನುತ್ತಿದ್ದಳು. ಅದನ್ನು ನಾನು ಮೂವತ್ತನಾಲ್ಕು ವರ್ಷದವರೆಗೂ ನಂಬಿದ್ದೆ.

ಕಣ್ಣು ಮುಚ್ಚಿ ಕೇಳುವ ಅಭ್ಯಾಸವೂ ಅಲ್ಲಿಯದೇ. ಕತ್ತಿವರಸೆಯನ್ನೂ ನಾನು ಅರ್ಧ ಹಾಗೆಯೇ ಕೇಳುತ್ತಿದ್ದೆ. ಹಿಡಿಯ ಮುಂದಿನ ಬಟ್ಟಲಿಗೆ ಮೊನೆ ಬಡಿದರೆ ‘ಠಣ್’. ತೋಳಿಗಾದರೆ ಹತ್ತಿಯ ದಿಂಬಿಗೆ ಬೆರಳು ತಾಗಿದ ಹಾಗೆ. ನೆಲಕ್ಕಾದರೆ ಒಣ ‘ಟಕ್’. ಒಮ್ಮೆ ಲಾವಣ್ಯಾ ತನ್ನ ಉಣ್ಣೆಯ ಮಫ್ಲರನ್ನು ನನ್ನ ಕಣ್ಣಿಗೆ ಕಟ್ಟಿ ಪರೀಕ್ಷೆ ಮಾಡಿದಳು. ಬಟ್ಟಲು, ತೋಳು, ಬಟ್ಟಲು, ತೊಡೆ, ನೆಲ, ಬೂಟು... ಹತ್ತರಲ್ಲಿ ಒಂಬತ್ತು ಸರಿ ಹೇಳಿದೆ. ಅವಳು ಮಫ್ಲರು ಬಿಚ್ಚಿ ನನ್ನ ಎರಡೂ ಕಿವಿ ಹಿಡಿದು ಎಳೆದಳು.

“ಅಯ್ಯೋ ರಾಕ್ಷಸಿ! ಇದು ಕಿವಿಯೇನೇ? ಯಾರಿಗೂ ಹೇಳ್ಬೇಡ, ನಮ್ಮಿಬ್ಬರಲ್ಲೇ ಇರ್ಲಿ.”

ನಮ್ಮಿಬ್ಬರಲ್ಲೇ ಇತ್ತು.

2007ರ ಸೆಪ್ಟೆಂಬರಿನಲ್ಲಿ ಸ್ಪಂದನಾ ಬಂದಳು. ಸ್ಯಾಂಡ್‌ವಿಕೆನ್‌ನ ಉಕ್ಕಿನ ಕಾರ್ಖಾನೆಯಲ್ಲಿರುವ ಹೊನ್ನಪ್ಪನವರ ಮಗಳು. ಹತ್ತೊಂಬತ್ತು ವರ್ಷ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಓದಲು ಉಪ್ಸಾಲಾಕ್ಕೆ ಬಂದವಳು. ಎಂಟನೆಯ ವಯಸ್ಸಿನಿಂದ ಎಪೆ ಆಡುತ್ತಿದ್ದಳಂತೆ. ನಮ್ಮ ಕನ್ನಡ ಕೇಳಿಸಿ, ಮುಖವಾಡವನ್ನು ಕಂಕುಳಲ್ಲಿ ಇಟ್ಟುಕೊಂಡು ಮೂರು ಮೆಟ್ಟಿಲು ಹಾರಿ ಬಂದಳು.

“ನೀವು ಕನ್ನಡ! ಸ್ವಲ್ಪ ಸರೀತೀರಾ ಆಂಟಿ?”

ಸರಿದೆ. ನನ್ನ ಮತ್ತು ಲಾವಣ್ಯಳ ನಡುವೆ, ಫ್ಲಾಸ್ಕು ಇರುತ್ತಿದ್ದ ಜಾಗದಲ್ಲಿ, ಅವಳು ಕೂತಳು.

“ಆ ಕಡೆಯವನು ಹೆದರಿ ಹಿಂದೆ ಹೋಗ್ತಿದಾನೆ” ಎಂದಳು ಲಾವಣ್ಯಾ, ಎಂದಿನಂತೆ.

“ನೇಯ್, ಅಕ್ಕ. ಹೆದರಿಲ್ಲ. ಅವನು ಟ್ರ್ಯಾಪ್ ಮಾಡ್ತಿದಾನೆ. ಅವನ ಹಿಂದಿನ ಕಾಲು ನೋಡಿ.”

“ಟ್ರ್ಯಾಪೂ ಇಲ್ಲ ಗೀಪೂ ಇಲ್ಲ. ಬೆವರು ಸುರೀತಿದೆ ಪಾಪ.”

“ಬೆಟ್?”

“ಬೆಟ್!”

ಅವನು ತಟ್ಟನೆ ನಿಂತು, ಬೆನ್ನಟ್ಟಿ ಬಂದವನ ಭುಜಕ್ಕೆ ಚುಚ್ಚಿದ. ಸ್ಪಂದನಾ “ಪ್ರೆಸೀಸ್! ನೋಡಿ, ಹೇಳಿದ ಹಾಗೇ!” ಎಂದು ಕೂಗಿ ತೊಡೆ ತಟ್ಟಿದಳು. ಸೋತದ್ದಕ್ಕೆ ಲಾವಣ್ಯಾ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕಂಡಿರಲಿಲ್ಲ.

“ಅಬ್ಬಾ, ಎರಡೂವರೆ ವರ್ಷಕ್ಕೆ ಎದುರು ಮಾತಾಡೋರು ಒಬ್ರು ಸಿಕ್ಕಿದ್ರು! ನಮ್ಮ ಪದ್ದು ಹತ್ರ ಮಾತಾಡೋದು ಅಂದ್ರೆ ಆನ್ಸರಿಂಗ್ ಮಷೀನ್‌ಗೆ ಹೇಳ್ದಂಗೆ. ಹೂಂ... ಹೂಂ... ಬೀಪ್!”

ಸ್ಪಂದನಾ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆಟದ ಉಳಿದ ಭಾಗವೆಲ್ಲ ಗಂಟಲಿಗೆ ಬಂದ ಹೂಂ ಅನ್ನು ನುಂಗುತ್ತಾ ಕೂತಿದ್ದೆ. ಅದು ಬರಲಿಲ್ಲವೆಂದು ಯಾರೂ ಮಾತು ನಿಲ್ಲಿಸಲಿಲ್ಲ.

ಆಮೇಲಿನ ಎರಡು ತಿಂಗಳಲ್ಲಿ ನಾನು ಲೆಕ್ಕಕ್ಕಿಲ್ಲದ ಸಣ್ಣಪುಟ್ಟ ಸಂಗತಿಗಳನ್ನೆಲ್ಲ ಗಮನಿಸಿದೆ. ಲಾವಣ್ಯಳ ಮಾತು “ಸ್ಪಂದನಾ ಹೇಳ್ತಿದ್ಲು” ಎಂದು ಶುರುವಾಗುವುದು. ವಾರದ ನಡುವೆ ಅವಳ ಫೋನು ಬಿಡುವಿಲ್ಲದಿರುವುದು. ಕೊನೆಗೆ ಒಂದು ಶನಿವಾರ ಫ್ಲಾಸ್ಕಿನ ಮುಚ್ಚಳ ತೆಗೆದರೆ ಒಳಗೆ ಚಹಾ.

“ಸ್ಪಂದನಾ ಕಾಫಿ ಕುಡಿಯಲ್ಲ ಕಣೆ” ಎಂದಳು ಲಾವಣ್ಯಾ.

ಅದನ್ನು ಕುಡಿದೆ. ಮನೆಗೆ ಹೋಗಿ ದೀಪ ಹಚ್ಚಿ ಕೈಮುಗಿದಾಗ, ಆ ಹುಡುಗಿಗೆ ಬೇರೆ ಯಾವುದಾದರೂ ಊರಿನಲ್ಲಿ ಒಳ್ಳೆಯ ವಿಶ್ವವಿದ್ಯಾಲಯ ಸಿಗಲಿ ಎಂದು ಬೇಡಿಕೊಂಡೆ. ಮಾಲ್ಮೋ ಆದರೆ ಇನ್ನೂ ಒಳ್ಳೆಯದು, ಅದು ದೇಶದ ಆ ತುದಿ. ಕೆಟ್ಟದ್ದನ್ನೇನೂ ಬೇಡಲಿಲ್ಲ ಎಂದು ಸಮಾಧಾನವನ್ನೂ ಮಾಡಿಕೊಂಡೆ.

ನವೆಂಬರಿನಲ್ಲಿ ಕ್ಲಬ್ಬಿನ ಸ್ಪರ್ಧೆ ನಡೆಯಿತು. ಮಹಿಳೆಯರ ಎಪೆಯಲ್ಲಿ ಸ್ಪಂದನಾ ಫೈನಲ್ ತಲುಪಿದಳು. ದೊಡ್ಡ ಸ್ಪರ್ಧೆಗಳಲ್ಲಿ ಆಡುವ ಜಾಗಕ್ಕೆ ಲೋಹದ ಹಾಸು ಇರುತ್ತದೆ; ಮೊನೆ ಅದಕ್ಕೆ ತಾಗಿದರೆ ದೀಪ ಹತ್ತುವುದಿಲ್ಲ. ಇಲ್ಲಿ ಬರೀ ಮರದ ನೆಲ. ಪಾದಕ್ಕೆ ಗುರಿಯಿಟ್ಟ ಮೊನೆ ತಪ್ಪಿ ನೆಲಕ್ಕೆ ಬಡಿದರೂ ದೀಪ ಹತ್ತಿಬಿಡುತ್ತದೆ. ಅದಕ್ಕಾಗಿ ಎರಡು ಬದಿಯಲ್ಲೂ ಒಬ್ಬೊಬ್ಬರು ನಿಂತು, ತಾಗಿದ್ದು ನೆಲಕ್ಕೋ ಕಾಲಿಗೋ ಎಂದು ಹೇಳಬೇಕು. ಫೈನಲ್ ಹೊತ್ತಿಗೆ ಅರ್ಧ ಜನ ಮನೆಗೆ ಹೋಗಿದ್ದರು, ಒಬ್ಬರು ಕಡಿಮೆ ಬಿದ್ದರು. ಕ್ಲಬ್ಬಿನ ಹಿರಿಯರೊಬ್ಬರು ಮೆಟ್ಟಿಲುಗಳ ಕಡೆ ಬಂದು ಯಾರಾದರೂ ನಿಲ್ಲುತ್ತೀರಾ ಎಂದು ಕೇಳಿದರು. ಸ್ಪಂದನಾ ಕೆಳಗಿನಿಂದಲೇ ಕೈ ತೋರಿಸಿದಳು.

“ಪದ್ಮಿನಿ ಆಂಟಿನ ಕರೀರಿ! ಅವರು ಯಾವಾಗ್ಲೂ ಸುಮ್ನೆ ಕೂತು ನೋಡ್ತಾರೆ.”

“ಹೋಗೇ ಪದ್ದು” ಎಂದು ಲಾವಣ್ಯಾ ಬೆನ್ನಿಗೆ ತಟ್ಟಿದಳು. “ಎರಡೇ ಮಾತು. ನೆಲ ಆದ್ರೆ ಗೋಲ್ವ್, ಕಾಲಾದ್ರೆ ಫೂತ್. ಹೂಂ ಅಂದ್ರೆ ಆಗಲ್ಲ ಮತ್ತೆ!”

ಎದುರಾಳಿಗೆ ನಾನು ಸ್ಪಂದನಾಳ ಕಡೆಯವಳಂತೆ ಕಾಣಿಸಬಹುದೆಂದು ಆ ಹಿರಿಯರಿಗೆ ಹೇಳಿದೆ. ಅವರು ಹೋಗಿ ಕೇಳಿ ಬಂದರು. ಹಳದಿ ಜಡೆಯ ಆ ಹುಡುಗಿ ನನ್ನ ಕಡೆ ನೋಡಿ ಪರವಾಗಿಲ್ಲವೆಂದು ತಲೆಯಾಡಿಸಿದಳು. ನಾನು ಅವಳ ಕಡೆಯವಳೇ ಆಗಿದ್ದೇನೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಬೂಟು ಬಾಗಿಲಲ್ಲೇ ಬಿಟ್ಟಿದ್ದರಿಂದ ಉಣ್ಣೆಯ ಕಾಲುಚೀಲದಲ್ಲೇ ಹೋಗಿ ನಿಂತೆ. ಹತ್ತಿರದಿಂದ ಆಟದ ಸದ್ದೇ ಬೇರೆ. ಇಬ್ಬರ ಉಸಿರು ಕೇಳಿಸುತ್ತಿತ್ತು. ಸ್ಪಂದನಾ ಚೆನ್ನಾಗಿ ಆಡುತ್ತಿದ್ದಳು, ಅದನ್ನು ಹೇಳದಿರಲಾಗದು. ಅವಳ ಹೆಜ್ಜೆಗಳಲ್ಲಿ ಒಂದು ಲಯವಿತ್ತು. ಪದ್ಯದ ಮೂರನೆಯ ಸಾಲು ಎಳೆದುಕೊಂಡು ಹೋಗುವ ಹಾಗೆ, ಮೂರನೆಯ ಹೆಜ್ಜೆಯನ್ನು ಎಳೆದು ಆಮೇಲೆ ನುಗ್ಗುತ್ತಿದ್ದಳು. ಅದು ಕಿವಿಗೆ ಹಿತವಾಗಿತ್ತು. ಹಿತವಾಯಿತೆಂದು ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು.

ಹದಿನೈದು ಅಂಕದ ಆಟ. ಹದಿನಾಲ್ಕು, ಹದಿನಾಲ್ಕು. ಇನ್ನು ತಾಗಿಸಿದವರು ಗೆದ್ದರು.

ಅಂಗಣ ಸ್ತಬ್ಧವಾಯಿತು. ಆ ನಿಶ್ಶಬ್ದದಲ್ಲಿ ಮೂರನೆಯ ಮೆಟ್ಟಿಲಿನಿಂದ ಕೂಗು ಬಂತು.

“ಬಾರೇ ಸ್ಪಂದೂ!”

ಲಾವಣ್ಯಾ ಯಾರ ಹೆಸರನ್ನೂ ಮೊಟಕು ಮಾಡುವವಳಲ್ಲ. ಆಫೀಸಿನವರಿರಲಿ, ತಂಗಿಯ ಮಕ್ಕಳಿರಲಿ, ಪೂರ್ತಿ ಹೆಸರೇ. ಪದ್ದು ಒಬ್ಬಳೇ ಇದ್ದದ್ದು. ನನ್ನ ತಲೆ ತಾನಾಗಿ ಆ ಕಡೆ ತಿರುಗಿತು. ಲಾವಣ್ಯಾ ಎದ್ದು ನಿಂತಿದ್ದಳು, ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು.

ಆಗಲೇ ಬೆನ್ನ ಹಿಂದೆ ಸದ್ದಾಯಿತು. ‘ದಬ್’. ಒಣದಲ್ಲ, ಮೆತ್ತನೆಯದು. ಬೂಟಿನ ತುದಿ. ದೀಪ ಹತ್ತಿ ಯಂತ್ರ ಕಿರುಚಿತು.

ತಿರುಗಿದಾಗ ಸ್ಪಂದನಾಳ ಮೊನೆ ನೆಲದ ಬಳಿಯಿಂದ ಮೇಲೇಳುತ್ತಿತ್ತು. ರೆಫರಿ ಆಟ ನಿಲ್ಲಿಸಿ, ಎದುರು ಬದಿಯಲ್ಲಿದ್ದವನನ್ನು ಕೇಳಿದ. ಅವನು ತಲೆಯಲ್ಲಾಡಿಸಿದ; ಹಳದಿ ಜಡೆಯವಳ ಹಿಂದಿನ ಕಾಲು ಅಡ್ಡ ಬಂದು ಅವನಿಗೆ ಕಂಡಿರಲಿಲ್ಲ. ರೆಫರಿ ನನ್ನತ್ತ ತಿರುಗಿದ.

“ಗೋಲ್ವ್? ಫೂತ್?”

ನೆಲ ಎಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಶನಿವಾರ ಬೇರೆ. ಕಾಲು ಎನ್ನಲು ಮನಸ್ಸು ಬರಲಿಲ್ಲ. ಎರಡರ ನಡುವೆ ಇನ್ನೊಂದು ದಾರಿ ಕಂಡಿತು. ಅದು ಎಷ್ಟು ಸಲೀಸಾಗಿ ಕಂಡಿತೆಂದರೆ, ಅದಕ್ಕಾಗಿಯೇ ನಾನು ಎರಡು ತಿಂಗಳಿನಿಂದ ತಯಾರಾಗುತ್ತಿದ್ದೆನೋ ಏನೋ.

“ಯಾಗ್ ಸೋಗ್ ಇಂತೆ” ಎಂದೆ. ನಾನು ನೋಡಲಿಲ್ಲ.

ನಿಜವೇ. ನೋಡಿರಲಿಲ್ಲ. ಕಮಲತ್ತೆ ಓದುತ್ತಿದ್ದ ಯುದ್ಧದ ಕಥೆಯಲ್ಲಿ ಒಬ್ಬ ಅರಸನ ರಥ, ಅವನ ಸತ್ಯದ ಬಲಕ್ಕೆ, ನೆಲದಿಂದ ನಾಲ್ಕು ಅಂಗುಲ ಮೇಲೆಯೇ ಓಡುತ್ತಿತ್ತು. ಒಂದು ದಿನ ಅವನು ಅರ್ಧ ನಿಜ ಹೇಳಿದ. ರಥ ನೆಲಕ್ಕೆ ತಾಗಿತು. ಆ ಪದ್ಯಕ್ಕೆ ಹೂಂ ಅನ್ನುವಾಗ ಕಮಲತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು.

ಸಂಶಯವಿದ್ದರೆ ಅಂಕವಿಲ್ಲ. ರೆಫರಿ ಕೈ ಬೀಸಿ ಅಂಕ ರದ್ದು ಮಾಡಿದ. ಸ್ಪಂದನಾ ತನ್ನ ಗೆರೆಗೆ ಮರಳಿದಳು. ನನ್ನೊಳಗೆ ಏನೋ ತಣ್ಣಗಾಯಿತು. ಸುಳ್ಳೇಕೆ, ಸುಖವೇ ಆಯಿತು.

ಅದು ಎರಡು ಉಸಿರಿನಷ್ಟು ಹೊತ್ತು. ಹಳದಿ ಜಡೆಯ ಹುಡುಗಿ ಎಡಗೈ ಎತ್ತಿ ಮುಖವಾಡ ತೆಗೆದಳು. ಬಗ್ಗಿ ಬೂಟಿನ ತುದಿಯನ್ನು ಒತ್ತಿಕೊಂಡು ರೆಫರಿಗೆ ಹೇಳಿದಳು, ಕಾಲಿಗೇ ತಾಗಿದ್ದು, ಬೆರಳು ಇನ್ನೂ ಉರಿಯುತ್ತಿದೆ ಎಂದು.

ಹದಿನೈದು. ಸ್ಪಂದನಾ ಕಿರುಚಿಕೊಂಡು ಹೋಗಿ ಅವಳನ್ನು ಅಪ್ಪಿಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಲಾವಣ್ಯಾ ತಟ್ಟಲಿಲ್ಲ. ಅವಳು ಗೆದ್ದವಳನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ಎರಡು ತಿಂಗಳಿನಿಂದ ಅವಳ ಒಂದು ನೋಟಕ್ಕೆ ಕಾದಿದ್ದೆ. ಅದು ಬಂತು, ಹೀಗೆ ಬಂತು. ಅಷ್ಟು ದೊಡ್ಡ ಅಂಗಣದಲ್ಲಿ ನನ್ನ ಕಿವಿಯ ವಿಷಯ ಗೊತ್ತಿದ್ದವಳು ಅವಳೊಬ್ಬಳೇ.

ಫೀಕಾಗೆ, ಅಂದರೆ ಇಲ್ಲಿಯವರ ಕಾಫಿ-ತಿಂಡಿಗೆ, ಕೂತಾಗ ಸ್ಪಂದನಾ ದಾಲ್ಚಿನ್ನಿಯ ಬನ್ನು ತಂದಳು.

“ತಗೊಳ್ಳಿ ಆಂಟಿ.”

“ಇವತ್ತು ಶನಿವಾರ ಕಣಮ್ಮಾ.”

“ಓ, ಸಾರಿ. ಆಂಟಿ, ನೀವು ಬೇಜಾರು ಮಾಡ್ಕೋಬೇಡಿ. ಅಷ್ಟು ಫಾಸ್ಟ್ ಇತ್ತು, ಯಾರಿಗೂ ಕಾಣಲ್ಲ. ಬೇರೆಯವರಾದ್ರೆ ಏನೋ ಒಂದು ಗೆಸ್ ಮಾಡಿ ಹೇಳ್ತಿದ್ರು. ನೀವು ಹಾನೆಸ್ಟ್ ಆಗಿ ನೋಡಿಲ್ಲ ಅಂದ್ರಿ. ಅಲ್ವಾ ಅಕ್ಕ?”

“ಹೂಂ” ಎಂದಳು ಲಾವಣ್ಯಾ.

ಅವಳ ಬಾಯಲ್ಲಿ ಆ ಮಾತನ್ನು ಅಣಕವಿಲ್ಲದೆ ನಾನು ಕೇಳಿದ್ದು ಅದೇ ಮೊದಲು.

ಮೂರೂವರೆಗೆಲ್ಲ ಹೊರಗೆ ಕತ್ತಲಾಗುತ್ತಿತ್ತು. ಬಸ್ ನಿಲ್ದಾಣದಲ್ಲಿ ನಾವಿಬ್ಬರೇ. ಲಾವಣ್ಯಾ ಮಫ್ಲರನ್ನು ಬಿಗಿ ಮಾಡಿಕೊಂಡಳು. ಅದೇ ಮಫ್ಲರು.

“ಕೇಳಿಸ್ತು ತಾನೆ ನಿನಗೆ?”

ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ಯಾಕೋ ಅದನ್ನು ಅಂದು ಬಳಸಲು ಮನಸ್ಸಾಗಲಿಲ್ಲ.

“ಕೇಳಿಸ್ತು. ಬೂಟಿಗೇ ಬಿತ್ತು.”

“ಮತ್ತೆ?”

“ನೋಡಲಿಲ್ಲ ಅಂದೆ. ನಿಜವಾಗ್ಲೂ ನೋಡಿರಲಿಲ್ಲ.”

“ಎಲ್ಲಿ ನೋಡ್ತಿದ್ದೆ ಮಹಾತಾಯಿ?”

“ನಿನ್ನನ್ನ. ಸ್ಪಂದೂ ಅಂದೆ ನೀನು.”

ಲಾವಣ್ಯಾ ನನ್ನ ಕಡೆ ತಿರುಗಿ, “ಚಹಾ ತಂದಿದ್ದಕ್ಕೂ ಹೀಗೇನಾ?” ಎಂದಳು.

“ಚಹಾ ತಂದಿದ್ದಕ್ಕೂ. ಆಂಟಿ ಅಂದಿದ್ದಕ್ಕೂ.”

“ಥೂ ನಿನ್ನ! ಬಾಯಿ ಬಿಟ್ಟು ಹೇಳಬಾರದಾ? ಕಾಫಿ ಬೇಕು ಅನ್ನೋಕೂ ನಿನಗೆ ಮುಹೂರ್ತ ಬೇಕಾ? ಆ ಕೂಸು ನಿನಗೇನು ಮಾಡಿತ್ತೇ?”

ಬಸ್ಸು ಬಂತು. ಅವಳು ಕಿಟಕಿಯ ಪಕ್ಕ ಕೂತಳು. ಪಕ್ಕದ ಸೀಟಿನ ಮೇಲೆ ಬ್ಯಾಗು ಇಟ್ಟಳು. ನಾನು ನಿಂತೇ ಇರುವುದನ್ನು ನೋಡಿ, ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಕೂತೆ. ಏಳು ನಿಲ್ದಾಣ ದಾಟಿದವು. ಅವಳ ಯಾವ ಕಥೆಯೂ ಇಲ್ಲದೆ ಹೂಂ ಎಲ್ಲಿ ಅನ್ನಬೇಕೆಂದು ತಿಳಿಯದೆ ನಾನು ಬೆರಳು ಹಿಸುಕಿಕೊಳ್ಳುತ್ತಿದ್ದೆ.

ನನ್ನ ನಿಲ್ದಾಣಕ್ಕೆ ಗುಂಡಿ ಒತ್ತಿದಾಗ ಅವಳು ಕಿಟಕಿಯ ಕಡೆಯೇ ನೋಡುತ್ತಾ ಹೇಳಿದಳು.

“ಮುಂದಿನ ಶನಿವಾರ ಸ್ಪಂದನಾಗೆ ನೀನೇ ಹೇಳ್ಬೇಕು. ಪೂರ್ತಿ. ನಾನು ಪಕ್ಕದಲ್ಲಿ ಕೂತು ಹೂಂ ಅಂತೀನಿ.”

ತಲೆಯಾಡಿಸಿದೆ. ಬಾಗಿಲು ತೆರೆಯಿತು, ಇಳಿದೆ. ಹಿಮದ ಮೇಲೆ ನಿಂತು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ. ಹೇಳುತ್ತೇನೆ, ಹೇಳಲೇಬೇಕು. ನಾಲಿಗೆಯ ತುದಿಯಲ್ಲಿ ಒಂದು ಪ್ರಶ್ನೆ ಮಾತ್ರ ಉಳಿದಿತ್ತು: ಪಕ್ಕದಲ್ಲಿ ಎಂದಳಲ್ಲ, ಯಾರ ಪಕ್ಕದಲ್ಲಿ?