ಆರನೆಯ ನಟ್ಟು

ಮೆಣಸಿನಕಾಯಿ ಇನ್ನೂ ಕೆಂಪಾಗಲು ಕಲಿಯದಿದ್ದ ಕಾಲಕ್ಕೆ ಒಬ್ಬ ರಾಜನಿದ್ದ. ಅವನಿಗೆ ಕುದುರೆ ಇರಲಿಲ್ಲ, ದಂಡು ಇರಲಿಲ್ಲ, ಇದ್ದದ್ದು ಒಂದು ಹುಚ್ಚು. ತನ್ನ ಕೈಯಾರೆ ರಥ ಕಟ್ಟಬೇಕು, ರಾಣಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹನುಮಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಬೇಕು. ದೂರದ ದೇಶದಿಂದ ಎರಡು ಪೆಟ್ಟಿಗೆ ತುಂಬ ರಥದ ತುಂಡುಗಳು ಬಂದವು. ರಾಜ ಹಗಲು ಜೋಡಿಸಿದ, ರಾತ್ರಿ ಜೋಡಿಸಿದ, ಎಲ್ಲಾ ಜೋಡಿಸಿದ. ಕಡೆಯ ಒಂದು ಕೀಲು ಮಾತ್ರ ಯಾರ ಕೈಗೂ ಎಟುಕಲಿಲ್ಲ. ಆಗ ರಾಣಿ ಬಳೆ ಗಲಗಲ ಅನ್ನಿಸುತ್ತ ಬಂದು, "ಸರೀರಿ ಅತ್ಲಾಗ" ಅಂದಳು.

ಪ್ರೇಮವ್ವ ಈ ಕತೆಯನ್ನು ಮೊಮ್ಮಗಳು ಭುವನಾಳಿಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಪ್ರತಿ ಸಲವೂ ರಾಣಿ "ಸರೀರಿ" ಅನ್ನುವ ಹೊತ್ತಿಗೆ ಭುವನಾಳಿಗೆ ನಿದ್ದೆ ಬಂದುಬಿಡುತ್ತಿತ್ತು. ದೊಡ್ಡವಳಾದ ಮೇಲೆ ರಾಜ ಯಾರೆಂದು ಅವಳಿಗೆ ತಿಳಿದಿತ್ತು: ಅವಳ ಅಜ್ಜ ಫಕ್ಕೀರಪ್ಪ. ರಾಣಿಯ ಭಾಗ ಮಾತ್ರ ಅಜ್ಜಿ ಚಂದಕ್ಕೆ ಸೇರಿಸಿದ ಕಸೂತಿ ಎಂದುಕೊಂಡಿದ್ದಳು.

ಆ ರಥ ಈಗ ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಕಟ್ಟಿಗೆಯ ದಿಮ್ಮಿಗಳ ಮೇಲೆ ಕೂತಿತ್ತು. ಎರಡೇ ಸೀಟಿನ, ಕಪ್ಪೆಮೂತಿಯ ಕೆಂಪು ಕಾರು. ಅಡಿಯ ಚಾಸಿ ಹಳೆಯ ಹೆರಾಲ್ಡ್ ಗಾಡಿಯದು. ಮೇಲಿನ ಫೈಬರ್ ಮೈ ಪುಣೆಯಿಂದ ಬಿಡಿಬಿಡಿಯಾಗಿ ರೈಲಿನಲ್ಲಿ ಬಂದು ಅಜ್ಜನ ಕೈಯಲ್ಲಿ ಒಂದಾದದ್ದು. ಅಜ್ಜ ಹೋಗಿ ಹನ್ನೊಂದು ವರ್ಷ. ಅಂದಿನಿಂದ ಕಾರು ಅಲ್ಲೇ ನಿಂತು, ಹಿಂದಿನ ಗಾಲಿಗಳ ಮೇಲಿನ ಅಡ್ಡ ಪಾಟಾ, ಭಾರ ಹೊರುವ ಸ್ಪ್ರಿಂಗ್ ಪಟ್ಟಿ, ತುಕ್ಕು ತಿಂದು ಮುರಿದಿತ್ತು. ಗಾಲಿಗಳು ಆಗಷ್ಟೇ ಹುಟ್ಟಿದ ಎಮ್ಮೆಕರುವಿನ ಕಾಲಿನ ಹಾಗೆ ಆಚೆ ಈಚೆ ಚಾಚಿದ್ದವು.

ಹಾವೇರಿಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ ಮಾಡುವ ಭುವನಾ ರವಿವಾರಕ್ಕೊಮ್ಮೆ ಬಂದು ಅದರ ಕೆಳಗೆ ಮಲಗುತ್ತಿದ್ದಳು. ಜೊತೆಗೆ ರಮಜಾನ, ರಾಣೆಬೆನ್ನೂರಿನ ಹಲಗೇರಿ ರಸ್ತೆಯಲ್ಲಿ ಲಾರಿ ಪಾಟಾ ಬಡಿಯುವ ಮೇಸ್ತ್ರಿ. ಅಳತೆ ಹಿಡಿದು ಹೊಸ ಪಾಟಾ ಮಾಡಿ ತಂದಿಟ್ಟಿದ್ದ. ಹಳೆಯದು ಇಳಿದರೆ ಸಾಕು, ಹೊಸದು ಕೂಡಿಸಿ ಕಾರನ್ನು ಹೊರಗೆ ತಳ್ಳಬಹುದಿತ್ತು. ಅದನ್ನು ಹಿಡಿದಿದ್ದದ್ದು ಆರು ನಟ್ಟು. ನಟ್ಟು ತಿರುಗಿಸುವ ಪಾನಾ ಬಗ್ಗಿಸಿ, ಮೈ ಬಗ್ಗಿಸಿ, ಎರಡು ರವಿವಾರದಲ್ಲಿ ಐದು ತೆಗೆದಿದ್ದರು. ಆರನೆಯದು ಎಡಮೂಲೆಯಲ್ಲಿ, ಫೈಬರ್ ಹೊಟ್ಟೆಯ ಕೆಳಗೆ, ಬೆರಳು ಹೋದರೆ ಪಾನಾ ಹೋಗದ ಜಾಗದಲ್ಲಿ.

"ಇದು ನಟ್ಟಲ್ಲ ತಂಗಿ, ಮುನಿಸ್ಕೊಂಡ ಅಳಿಯ," ಎಂದ ರಮಜಾನ ಕಾರಿನಡಿಯಿಂದ. "ಚಿಮಣಿ ಎಣ್ಣಿ ಕುಡಿಸಿದೆ, ಕೈ ಮುಗದೆ. ಜಪ್ಪಯ್ಯ ಅಂದ್ರೂ ಏಳವಲ್ದು."

ಸುತ್ತಿಗೆಯಿಂದ ಒಂದು ಏಟು ಹಾಕಿದ. ಚಾಸಿಯ ಸಂದಿಗೊಂದಿಯಲ್ಲಿ ಕೂತಿದ್ದ ಹನ್ನೊಂದು ವರ್ಷದ ಮೆಣಸಿನಕಾಯಿ ಧೂಳು ಎದ್ದಿತು. ಇಬ್ಬರೂ ಸೀನಿದರು. ರಮಜಾನನ ಸೀನು ಯಾವತ್ತೂ ಏಳಕ್ಕೆ ಕಡಿಮೆ ಇರುತ್ತಿರಲಿಲ್ಲ.

ಬಾಗಿಲಲ್ಲಿ ಪ್ರೇಮವ್ವನ ಮಗ ಶಶಿಕಾಂತ ಕಾಕಾ ನಿಂತಿದ್ದ. ಗೋದಾಮು ಅವನದು, ಮೆಣಸಿನಕಾಯಿ ವ್ಯಾಪಾರವೂ ಅವನದೇ.

"ನಾಳೆ ಸೋಮವಾರ, ಸಂತಿ. ಮುಂಜಾನೆನ ಚೀಲ ಬರ್ತಾವ. ಎಲ್ಲಿ ಇಡ್ಲಿ, ನಿನ್ನ ತಲಿ ಮ್ಯಾಲ?" ಎಂದ. "ಸಂಜಿತನಕ ಟೈಮ್ ಐತಿ. ನಟ್ಟು ಬರಲಿಲ್ಲಂದ್ರ ಮ್ಯಾಲಿನ ಫೈಬರ್ ಕೊಯ್ದು ತಗೀರಿ. ಕೊಯ್ಯೂ ಗ್ರೈಂಡರ್ ತರಾಕ ಹೇಳೇನಿ."

"ಕೊಯ್ಯೂದಿಲ್ಲ ಕಾಕಾ. ಅಜ್ಜಿಗೆ ಮಾತು ಕೊಟ್ಟೇನಿ."

"ಮಾತು ನೀ ಕೊಟ್ಟಿ, ಜಾಗ ನಾ ಕೊಡಬೇಕು," ಎಂದು ಗೊಣಗುತ್ತ ಕಾಕಾ ಹೋದ. ಅವನೂ ಅದೇ ಕಾರಿನಲ್ಲಿ ಅವ್ವನ ತೊಡೆಯ ಮೇಲೆ ಕೂತು ಬೆಳೆದವನು. ಹಿಂತಿರುಗಿ ನೋಡಲಿಲ್ಲ.

ಭುವನಾ ಮಾತು ಕೊಟ್ಟದ್ದಕ್ಕೆ ಕಾರಣವಿತ್ತು. ಫೈಬರ್ ತುಂಡುಗಳನ್ನು ಬೆಸೆಯುವಾಗ ನಾರಿನ ಬಟ್ಟೆ ಸಾಲದೆ ಅಜ್ಜ ಮೊದಲು ಮೆಣಸಿನಕಾಯಿ ಚೀಲ ಹಾಸಿದ್ದ. ಅದೂ ಮುಗಿದಾಗ ಅಜ್ಜಿಯ ಹಸಿರು ಇಳಕಲ್ ಸೀರೆ ಹಾಸಿ ಅಂಟು ಸುರಿದಿದ್ದ. ಸೀಟಿನ ಹಿಂದಿನ ಕಟ್ಟೆಯಲ್ಲಿ ಅದರ ಕೆಂಪು ದಡಿ ಕೆರೆಯ ತಿಳಿನೀರಿನೊಳಗಿನ ಬಳ್ಳಿಯಂತೆ ಇನ್ನೂ ಕಾಣುತ್ತಿತ್ತು. ಗ್ರೈಂಡರ್ ಓಡಬೇಕಾದದ್ದು ಅದೇ ದಡಿಯ ಮೇಲೆ. "ಹರಿದ ಸೀರಿ ಬ್ಯಾರೆ, ಕೊಯ್ದ ಸೀರಿ ಬ್ಯಾರೆ," ಎಂದಿದ್ದಳು ಅಜ್ಜಿ, ಅಷ್ಟೇ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ ಭುವನಾಳ ಕಣ್ಣು ಕೆಂಪಾಗಿತ್ತು.

"ಅಳಾಕತ್ತೀಯೇನ?" ರೊಟ್ಟಿ ಹಾಕುತ್ತ ಪ್ರೇಮವ್ವ ಕೇಳಿದಳು.

"ಇಲ್ಲಬೇ, ಖಾರದ ಘಾಟು."

"ಘಾಟಿಗೆ ಮೂಗು ಸೋರತೈತಿ, ತುಟಿ ನಡುಗೂದಿಲ್ಲ."

ಭುವನಾ ತಾಟಿನಲ್ಲೇ ತೋರಿಸಿದಳು. ಬದನೆಕಾಯಿ ಹೋಳು ಗಾಲಿಗಳ ನಡುವಿನ ಗೇರಿನ ಗೂಡು, ಅದರ ಮೇಲಿನ ಸೌತೆಕಾಯಿ ಸೀಳು ಪಾಟಾ, ಸುತ್ತ ಆರು ಶೇಂಗಾಕಾಳು ಆರು ನಟ್ಟು. ಐದು ಕಾಳು ಎತ್ತಿ ಬಾಯಿಗೆ ಹಾಕಿಕೊಂಡಳು. ಉಳಿದ ಒಂದರ ಮೇಲೆ ರೊಟ್ಟಿ ಮುಚ್ಚಿದಳು. "ಇದು ಫೈಬರ್. ಈಗ ಇದನ್ನ ಹರೀಲಾರದ ಹೆಂಗ ಕಾಳು ತಗೀತಿ?"

ಅಜ್ಜಿ ತಾಟು ತನ್ನತ್ತ ತಿರುಗಿಸಿಕೊಂಡು ನೋಡಿದಳು. "ಎಡಗಡೆ ಮೂಲ್ಯಾಗಿಂದು?"

"ನಿನಗ ಹೆಂಗ ಗೊತ್ತು?"

"ನಾ ತಿರುವಿದ್ದು ನನಗ ಗೊತ್ತಿರೂದಿಲ್ಲೇನ? ಅದರ ಕೂಡ ಜಗಳ ಆಡಾಕತ್ತೀರೇನ ನೀವು? ಯಾವುದೋ ನಟ್ಟು ಅಂದ್ರಿ, ನಾ ಸುಮ್ಮನಾದೆ. ಸಣ್ಣಾಕಿದ್ದಾಗಿಂದ ಹೇಳ್ಕೋತ ಬಂದೇನಿ, ನೀ ಅಲ್ಲಿಗೆ ಬರೂದ್ರಾಗ ಗೊರಕಿ ಹೊಡೀತಿದ್ದಿ."

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಭುವನಾ ಆ ಕತೆಯ ಕಡೆಯ ಭಾಗವನ್ನು ಮೊದಲ ಸಲ ಎಚ್ಚರವಿದ್ದು ಕೇಳಿದಳು.

"ಮದುವಿ ಆಗಿ ಎರಡು ತಿಂಗಳಾಗಿತ್ತು. ಮೊಣಕೈತನ ಹಸಿರು ಬಳಿ. ಕೈ ಎಟುಕವಲ್ದು ಅಂತ ನಿಮ್ಮಜ್ಜ ಸೀಟಿನ ಹಿಂದ ನನ್ನ ಕೈಯಳತಿಗೆ ಒಂದು ಕಿಂಡಿ ಮಾಡಿದ. ಕೈ ಹೋತು, ಬಳಿ ಅಡ್ಡ ಬಂದ್ವು. ತಗದಿಡು ಅಂದ. ನಮ್ಮತ್ತಿ ಬಾಗಲದಾಗ ನಿಂತಿದ್ರು. 'ನಿನ್ನ ಗಾಡಿ ಹಾಳಾಗಿ ಹೋಗ್ಲಿ, ನನ್ನ ಸೊಸಿ ಬರೇಗೈ ಮಾಡ್ಕೊಳ್ಳೂದಿಲ್ಲ' ಅಂದ್ರು. ಪಾಪ, ಮತ್ತ ಬಳಿ ಇಟ್ಟು, ಸುತ್ತ ಪೆನ್ಸಿಲ್ ಎಳದು, ಕಿಂಡಿ ದೊಡ್ಡದು ಮಾಡಿದ. ನಾ ಮ್ಯಾಲೆ ಪಾನಾ ಹಿಡದೆ. ಅಂವ ಕೆಳಗ ಮಲಕೊಂಡು, 'ಇನ್ನೊಂದು ಸುತ್ತು ಪ್ರೇಮಾ, ಇನ್ನೊಂದು ಸುತ್ತು' ಅಂತಿದ್ದ." ಅಜ್ಜಿ ಸೆರಗು ಸರಿಮಾಡಿಕೊಂಡಳು. "ಆಮ್ಯಾಲೆ ಎಣ್ಣಿ ಡಬ್ಬಿ ಮುಚ್ಚಳ ಕೂಡಿಸಿ ಬಣ್ಣ ಹೊಡದ."

ಗೋದಾಮಿಗೆ ಮರಳುವಾಗ ಅಜ್ಜಿಯೂ ಆಟೋ ಹತ್ತಿದಳು. ಮಡಿಲಲ್ಲಿ ಅಜ್ಜನ ಇಂಚಿನ ಪಾನಾ ಒಂದು, ಕಾಗದದಲ್ಲಿ ಸುತ್ತಿದ ಹಸಿರು ಬಳೆ ಆರು.

ಅಜ್ಜಿ ಸೀಟಿನ ಹಿಂದಿನ ದುಂಡು ಮುಚ್ಚಳ ತೋರಿಸಿದಾಗ ರಮಜಾನ ಹಣೆ ಬಡಿದುಕೊಂಡ. "ಇದಾ? ಪೆಟ್ರೋಲ್ ಟಾಂಕಿ ಮುಚ್ಚಳ ಅಂತ ಬಿಟ್ಟಿದ್ನಲ್ರಿ ಅಮ್ಮಾರ. ಎರಡು ರವಿವಾರ ಇದರ ಮ್ಯಾಲನ ಚಾ ಕಪ್ ಇಟ್ಟೇನಿ."

ಚಾಕುವಿನಿಂದ ಬಣ್ಣ ಕೆರೆದು ಮುಚ್ಚಳ ಎಬ್ಬಿಸಿದರು. ಕೆಳಗೆ ದುಂಡನೆಯ ಕತ್ತಲೆ, ಅಂಚಿನಲ್ಲಿ ಇನ್ನೂ ಅಳಿಸದ ಪೆನ್ಸಿಲ್ ಗೀಟು. ರಮಜಾನ ಕೈ ಹಾಕಿದ. ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. "ಲಾರಿ ಕೈ ಇದು, ಹೋಗೂದಿಲ್ಲ," ಎಂದು ಎಳೆದುಕೊಂಡ.

ಭುವನಾ ಅಂಗಿಯ ತೋಳು ಮಡಚಿದಳು. ಅಜ್ಜಿ ಅವಳ ಮುಂಗೈ ಹಿಡಿದು ನಿಲ್ಲಿಸಿ ಬಳೆ ಏರಿಸತೊಡಗಿದಳು.

"ಈಗ್ಯಾಕಬೇ?"

"ಕಿಂಡಿ ಬಳಿಗೆ ಮಾಡಿದ್ದು. ಬರೇಗೈಲೆ ಹೋದ್ರ ಅದಕ್ಕ ಗುರುತು ಸಿಗಬೇಕಲ್ಲ."

ಬಳೆ ತೊಟ್ಟ ಕೈ ಕಿಂಡಿಯೊಳಗೆ ಇಳಿಯಿತು. ಅಳತೆ ಹಿಡಿದು ಮಾಡಿದಂತೆ, ಅಲ್ಲ, ಅಳತೆ ಹಿಡಿದೇ ಮಾಡಿದ್ದು. ಪಾಟಾದ ಏಣು, ತುಕ್ಕಿನ ಹಕ್ಕಳೆ, ಆಮೇಲೆ ಆರು ಮೂಲೆಯ ತಣ್ಣನೆಯ ತಲೆ. ಪಾನಾ ಕೂತಿತು. ಎಳೆದಳು. ಏಳಲಿಲ್ಲ. ರಮಜಾನ ಕಿಂಡಿಯಿಂದ ಎಣ್ಣೆ ಹನಿಸಿ, ಕೆಳಗೆ ಸೇರಿ ಜಾಕ್ ಕೊಟ್ಟು ಮೆಲ್ಲಗೆ ತಟ್ಟಿದ. ಮತ್ತೆ ಎಳೆದಳು. ಏಳಲಿಲ್ಲ.

ಬಾಗಿಲಲ್ಲಿ ಕಾಕಾ ಕೈಯಲ್ಲಿ ಗ್ರೈಂಡರ್ ಹಿಡಿದು ನಿಂತಿದ್ದ. ಅವನು ಸೀರೆಯ ದಡಿಯನ್ನೇ ನೋಡುತ್ತಿದ್ದ.

"ಭುವನಾ," ಎಂದಳು ಅಜ್ಜಿ, "ಎಡಗೈ ಹಾಕು. ನಾ ಎಡಚಿ."

ಬಲಗೈ ಬಳೆ ಎಡಗೈಗೆ ಬಂದವು. ಎಡಗೈಗೆ ಆ ಮೂಲೆಯಲ್ಲಿ ಪಾನಾ ಪೂರ್ತಿ ತಿರುಗಲು ಜಾಗವಿತ್ತು. ಭುವನಾ ಉಸಿರು ಬಿಗಿಹಿಡಿದು ಎಳೆದಳು. ಹಳೆ ಬಾಗಿಲು ಕಿರುಗುಟ್ಟಿದಂತೆ ಸಪ್ಪಳವಾಯಿತು. ನಟ್ಟು ಗೋಧಿಕಾಳಿನಷ್ಟು ಜರುಗಿತು.

"ಇನ್ನೊಂದು ಸುತ್ತು," ಎಂದಳು ಪ್ರೇಮವ್ವ, ಯಾರಿಗೋ ಹೇಳಿದಂತೆ ಮೆಲ್ಲಗೆ. "ಇನ್ನೊಂದು ಸುತ್ತು."

ಕಾಕಾ ಗ್ರೈಂಡರನ್ನು ಚೀಲದ ಮೇಲೆ ಇಟ್ಟು, ಬಂದು ಕೆಳಗೆ ಜಾಕ್ ಹಿಡಿದ. ಬಳೆ ಗಲಗಲ ಅಂದವು, ಪಾನಾ ತಿರುಗಿತು, ಮತ್ತೆ ತಿರುಗಿತು. ಮುರಿದ ಪಾಟಾ ಜಾಕಿನ ಮೇಲೆ ದೊಪ್ಪನೆ ಇಳಿದು ಗೋದಾಮಿನ ತುಂಬ ಕೆಂಪು ಧೂಳೆಬ್ಬಿಸಿತು. ನಾಲ್ಕೂ ಜನ ಸೀನಿದರು. ಸೀನುತ್ತಲೇ ಭುವನಾ ಕಿಂಡಿಯಿಂದ ಕೈ ತೆಗೆದು ಅಜ್ಜಿಯ ಮುಂದೆ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಆರನೆಯ ನಟ್ಟು ಇತ್ತು.